ಕೆವಿಎಂ ಸ್ವಿಚ್ ಡಬ್ಬದ ಮೇಲೆ ‘4ಕೆ’ ಅಂತ ಬರೆದರೆ ಸಾಕಾ?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟವನ್ನು ನಾನು ಬಿಡದೆ ಓದುತ್ತೇನೆ. ಹೊಸ ಮೊಬೈಲ್ ಬಂದರೆ ಸಾಕು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಎಲ್ಲ ಬಿಡಿಸಿ ಬರೆಯುತ್ತೀರಿ. ಸಂತೋಷ. ಆದರೆ ಮನೆಯ ಒಂದು ಕೋಣೆಯಲ್ಲೇ ಎರಡು ಮೂರು ಕಂಪ್ಯೂಟರ್ ಇಟ್ಟುಕೊಂಡು ದುಡಿಯುವವರು ರಾಯಚೂರಿನಂಥ ಊರಲ್ಲೂ ಈಗ ಬೇಕಾದಷ್ಟು ಜನ ಇದ್ದಾರೆ. ಅವರು ಕೊಳ್ಳುವ ಸಾಮಾನಿನ ಬಗ್ಗೆ ಒಂದು ಸಾಲೂ ಬರುವುದಿಲ್ಲ. ಅದರಲ್ಲೂ ಕೆವಿಎಂ ಸ್ವಿಚ್. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘4ಕೆ’ ಅಂತ ಹಾಕಿರುತ್ತಾರೆ, ಕೊಳ್ಳುವವರಿಗೆ ನಿಜವಾಗಿ ಬೇಕಾದ ಮಾತು ಒಂದನ್ನೂ ಹಾಕಿರುವುದಿಲ್ಲ. ಆ ಬಿಟ್ಟ ಮಾತುಗಳಿಗಾಗಿಯೇ ಈ ಪತ್ರ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಕೀಬೋರ್ಡ್, ವಿಡಿಯೊ, ಮೌಸ್ ಮೂರರ ಇಂಗ್ಲಿಷ್ ಮೊದಲಕ್ಷರ ಸೇರಿ ಕೆವಿಎಂ. ಒಂದೇ ಪರದೆ, ಒಂದೇ ಕೀಬೋರ್ಡ್, ಒಂದೇ ಮೌಸ್. ಗುಂಡಿ ಒತ್ತಿದರೆ ಈ ಕಂಪ್ಯೂಟರ್, ಮತ್ತೆ ಒತ್ತಿದರೆ ಆ ಕಂಪ್ಯೂಟರ್. ನನ್ನದು ಗಂಜ್‌ನ ಅಡತಿ ಅಂಗಡಿಗಳ, ಅಕ್ಕಿ ಗಿರಣಿಗಳ ಲೆಕ್ಕ ಮತ್ತು ಜಿಎಸ್‌ಟಿ ಕೆಲಸ. ಮನೆಯವಳದು ಬೆಂಗಳೂರಿನ ಕಂಪನಿಯೊಂದರ ಕೆಲಸ, ಮನೆಯಿಂದಲೇ. ಮೇಜು ಒಂದೇ. ಅದರ ಮೇಲೆ ನನ್ನ ಹಳೇ ಡೆಸ್ಕ್‌ಟಾಪ್, ನನ್ನ ಹೊಸ ಮಷಿನ್, ಅವಳ ಆಫೀಸ್ ಲ್ಯಾಪ್‌ಟಾಪ್. ಹಳೇದನ್ನು ತೆಗೆದು ಹಾಕಬಾರದಾ ಅಂತ ಕೇಳಬಹುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು, ಹಳೇ ಮಷಿನ್ ವಿಂಡೋಸ್ 11 ತಗೊಳ್ಳುವುದಿಲ್ಲ, ಆದರೆ ಹಿಂದಿನ ವರ್ಷಗಳ ಲೆಕ್ಕವೆಲ್ಲ ಅದರಲ್ಲೇ ಇದೆ. ಹಾಗಾಗಿ ಇಂಟರ್‌ನೆಟ್ ಕಿತ್ತು ಅದನ್ನು ಸುಮ್ನೆ ಮೂಲೆಯಲ್ಲಿ ಇಟ್ಟಿದ್ದೇನೆ, ಬೇಕಾದಾಗ ತೆರೆಯುತ್ತೇನೆ. ನನ್ನ ಕಸುಬಿನವರ ಹಲವರ ಮನೆಯಲ್ಲಿ ಇದೇ ಕಥೆ.

ಮೊದಲು ಇದ್ದದ್ದು ವಿಜಿಎ ಕಾಲದ ಸ್ವಿಚ್. ನೀಲಿ ತಲೆಯ ದಪ್ಪ ಕೇಬಲ್, ತಿರುಪು ಹಾಕಿ ಬಿಗಿಯುವುದು. ಅದು ಕೆಟ್ಟಿರಲಿಲ್ಲ, ಆದರೆ ಹೊಸ 27 ಇಂಚಿನ 4ಕೆ ಮಾನಿಟರ್‌ಗೆ ವಿಜಿಎ ಕಿಂಡಿಯೇ ಇಲ್ಲ. ಹೊಸ ಸ್ವಿಚ್ ಕೇಳಲು ಅಂಗಡಿಗೆ ಹೋದರೆ ಸಿಗುವ ಉತ್ತರ ಒಂದೇ: “ಸರ್, ನಾಲ್ಕು ಕಂಪ್ಯೂಟರ್ ಹಾಕಬೋದು, ಫೋರ್ ಕೆ ಅದ ರೀ, ಇನ್ನೇನು ಬೇಕ್ರೀ?”

ಬೇಕು. ಮೊದಲನೇದು, 4ಕೆ ಅನ್ನುವುದು ಪರದೆಯ ಚುಕ್ಕಿಗಳ ಲೆಕ್ಕ ಮಾತ್ರ. ಆ ಚಿತ್ರ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ, ಅಂದರೆ ಎಷ್ಟು ಹರ್ಟ್ಸ್? ಕಂಪ್ಯೂಟರಿನಿಂದ ಪರದೆಗೆ ಚಿತ್ರ ಒಯ್ಯುವ ಕೇಬಲ್-ಕಿಂಡಿಯ ಒಂದು ಬಗೆ ಎಚ್‌ಡಿಎಂಐ. ಅದರ ಹಳೇ ಆವೃತ್ತಿ 1.4ರ ಸ್ವಿಚ್ ಸೆಕೆಂಡಿಗೆ 10.2 ಗಿಗಾಬಿಟ್ ಮಾಹಿತಿ ಮಾತ್ರ ಸಾಗಿಸುತ್ತದೆ. ಅದರಲ್ಲಿ 3840×2160 ಚಿತ್ರ 30 ಹರ್ಟ್ಸ್‌ಗೆ ನಿಲ್ಲುತ್ತದೆ. ಪರದೆ ಚೆನ್ನಾಗಿಯೇ ಕಾಣುತ್ತದೆ, ಅಂಗಡಿಯಲ್ಲಿ ಗೋಡೆಚಿತ್ರ ತೋರಿಸಿದರೆ ವ್ಯತ್ಯಾಸವೇ ತಿಳಿಯುವುದಿಲ್ಲ. ಮೌಸ್ ಅಲುಗಾಡಿಸಿ ನೋಡಿ, ಬಾಣ ಕೈಯ ಹಿಂದೆ ಎಳೆದುಕೊಂಡು ಬರುತ್ತದೆ. ಎಕ್ಸೆಲ್ ಹಾಳೆಯನ್ನು ಕೆಳಗೆ ಉರುಳಿಸಿದರೆ ಸಾಲುಗಳು ಕುಪ್ಪಳಿಸುತ್ತವೆ. ದಿನವಿಡೀ ಅಂಕಿ ನೋಡುವವನ ಕಣ್ಣಿಗೆ ಇದು ಸಂಜೆ ಹೊತ್ತಿಗೆ ತಲೆನೋವೇ. 60 ಹರ್ಟ್ಸ್ ಬೇಕೆಂದರೆ 2013ರಲ್ಲಿ ಬಂದ ಎಚ್‌ಡಿಎಂಐ 2.0 ಮಟ್ಟದ, 18 ಗಿಗಾಬಿಟ್ ಸಾಗಿಸುವ ಸ್ವಿಚ್ ಬೇಕು. ಇಲ್ಲವೇ ಅಂಥದ್ದೇ ಇನ್ನೊಂದು ಬಗೆಯ ಕಿಂಡಿ, ಡಿಸ್‌ಪ್ಲೇಪೋರ್ಟ್ 1.2. ಇದು 2010ರಿಂದಲೂ 4ಕೆ 60 ಕೊಡುತ್ತಿದೆ, ಡಬ್ಬದ ಮೇಲೆ ಇದರ ಹೆಸರು ಕಂಡರೆ ನನಗೆ ಸ್ವಲ್ಪ ಧೈರ್ಯ ಬರುತ್ತದೆ.

ಇದರಲ್ಲೂ ಒಂದು ಕಣ್ಕಟ್ಟು ಇದೆ. ಕೆಲವು ಸ್ವಿಚ್‌ಗಳು ‘4ಕೆ 60’ ಅಂತ ಬರೆದುಕೊಂಡು ಒಳಗೆ ಬಣ್ಣದ ಮಾಹಿತಿಯನ್ನು ಕತ್ತರಿಸಿ 10.2ರಲ್ಲೇ ತುರುಕುತ್ತವೆ. ವಿವರ ಪಟ್ಟಿಯಲ್ಲಿ ಸಣ್ಣಕ್ಷರದಲ್ಲಿ 4:2:0 ಅಂತಿದ್ದರೆ ಅದೇ ಇದು. ಸಿನಿಮಾ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ನಮ್ಮಂಥವರಿಗೆ ಗೊತ್ತಾಗುತ್ತದೆ, ಬಾಕಿ ಮೊತ್ತವನ್ನು ಕೆಂಪಕ್ಷರದಲ್ಲಿ ಹಾಕಿದ್ದರೆ ಅದರ ಅಂಚು ಒದ್ದೆ ಕಾಗದದ ಮೇಲೆ ಬರೆದ ಹಾಗೆ ಕದಡಿರುತ್ತದೆ. ನಮಗೆ ಬೇಕಾದ್ದು 4:4:4, ಅಂದರೆ ಬಣ್ಣ ಕತ್ತರಿಸದೆ ಪೂರ್ತಿ ಕಳಿಸುವುದು. ಡಬ್ಬದ ಮೇಲೆ ‘ಎಚ್‌ಡಿಎಂಐ 2.1’ ಅಂತ ಇದ್ದರೂ ನೆಚ್ಚಬೇಡಿ, ಆ ಹೆಸರಿನ ಅಡಿಯ ದೊಡ್ಡ ಸೌಲಭ್ಯಗಳೆಲ್ಲ ತಯಾರಕರ ಇಚ್ಛೆಗೆ ಬಿಟ್ಟದ್ದು. ಹೆಸರಲ್ಲ, ಹರ್ಟ್ಸ್ ಮತ್ತು ಗಿಗಾಬಿಟ್ ಕೇಳಿ.

ಎರಡನೇದು, ಈಡಿಐಡಿ. ಮಾನಿಟರ್ ಕಂಪ್ಯೂಟರಿಗೆ ‘ನಾನು ಇಂಥವನು, ನನ್ನ ಅಳತೆ ಇಷ್ಟು’ ಅಂತ ಪರಿಚಯ ಹೇಳಿಕೊಳ್ಳುವ ಪುಟ್ಟ ಮಾಹಿತಿ ಅದು. ಅಗ್ಗದ ಸ್ವಿಚ್‌ನಲ್ಲಿ ನೀವು ಬೇರೆ ಕಂಪ್ಯೂಟರಿಗೆ ಹೋದ ಕೂಡಲೇ ಮೊದಲಿನದಕ್ಕೆ ಆ ಪರಿಚಯ ತಪ್ಪಿಹೋಗುತ್ತದೆ, ಮಾನಿಟರನ್ನೇ ಕಿತ್ತರು ಅಂದುಕೊಳ್ಳುತ್ತದೆ. ವಾಪಸ್ ಬಂದಾಗ ಪರದೆ ಎರಡು-ಮೂರು ಸೆಕೆಂಡು ಕಪ್ಪು, ಆಮೇಲೆ ನೋಡಿದರೆ ತೆರೆದಿಟ್ಟ ಕಿಟಕಿಗಳೆಲ್ಲ ದಿಕ್ಕಾಪಾಲು. ಲ್ಯಾಪ್‌ಟಾಪ್‌ಗೆ ತನ್ನದೇ ಪರದೆ ಇರುತ್ತದಲ್ಲ, ಎಲ್ಲವೂ ಅಲ್ಲಿಗೆ ಓಡಿಹೋಗಿ ಗುಡ್ಡೆ ಬಿದ್ದಿರುತ್ತದೆ. ನಮ್ಮ ಮನೆಯವಳು ಮೀಟಿಂಗ್ ಮಧ್ಯೆ ಗುಂಡಿ ಮುಟ್ಟಬೇಡಿ ಅಂತ ನನಗೆ ತಾಕೀತು ಮಾಡಿದ್ದು ಇದಕ್ಕೇ. ಈಡಿಐಡಿಯನ್ನು ನೆನಪಿಟ್ಟುಕೊಂಡು ಪ್ರತಿ ಕಂಪ್ಯೂಟರಿಗೂ ಸದಾ ಒದಗಿಸುವ ಸ್ವಿಚ್‌ಗಳು ಇವೆ. ಬೆಲೆ ಜಾಸ್ತಿ. ಆದರೆ ಜಾಸ್ತಿ ದುಡ್ಡು ಕೊಡಬೇಕಾದ್ದೇ ಇದಕ್ಕೆ, ಹೊಳೆಯುವ ದೀಪಕ್ಕಲ್ಲ.

ಈಗ ಬರುವುದು ನನ್ನ ಕಸುಬಿನವರಿಗೆಲ್ಲ ತಾಗುವ ಮಾತು, ಯುಎಸ್‌ಬಿ. ಬಹಳಷ್ಟು ಸ್ವಿಚ್‌ಗಳಲ್ಲಿ ಕೀಬೋರ್ಡ್, ಮೌಸ್ ಕಿಂಡಿಗಳು ಬೇರೆ, ಉಳಿದ ಸಾಮಾನಿನ ಕಿಂಡಿಗಳು ಬೇರೆ. ಕೀಬೋರ್ಡ್ ಕಿಂಡಿಯ ಹಿಂದೆ ಸ್ವಿಚ್ ತಾನೇ ಒಂದು ನಕಲಿ ಕೀಬೋರ್ಡಾಗಿ ಕೂತಿರುತ್ತದೆ. ನೀವು ಒತ್ತಿದ್ದನ್ನು ಕೇಳಿಸಿಕೊಂಡು ಆಚೆ ಹೇಳುತ್ತದೆ. ಅದಕ್ಕೇ ಸ್ಕ್ರೋಲ್ ಲಾಕ್ ಎರಡು ಸಲ ಒತ್ತಿ 2 ಒತ್ತಿದರೆ ಎರಡನೇ ಕಂಪ್ಯೂಟರಿಗೆ ಹೋಗುತ್ತದೆ. (ಈಗಿನ ಸಣ್ಣ ಕೀಬೋರ್ಡ್‌ಗಳಲ್ಲಿ ಸ್ಕ್ರೋಲ್ ಲಾಕ್ ಕೀಲಿಯೇ ಇಲ್ಲ, ಕೀಲಿ ಬದಲಾಯಿಸಿಕೊಳ್ಳಬಹುದಾ ಅಂತ ಮೊದಲೇ ನೋಡಿ.) ಆದರೆ ಆ ಕಿಂಡಿಗೆ ವೈರ್‌ಲೆಸ್ ಕೀಬೋರ್ಡಿನ ಡಾಂಗಲ್ (ಅದರ ಸಂಕೇತ ಹಿಡಿಯುವ ಪುಟ್ಟ ಯುಎಸ್‌ಬಿ ತುಂಡು) ಹಾಕಿದರೆ ಎಷ್ಟೋ ಸಲ ಅದು ಗುರುತೇ ಹಿಡಿಯುವುದಿಲ್ಲ, ಹಿಡಿದರೂ ಹೆಚ್ಚುವರಿ ಗುಂಡಿಗಳು ಸತ್ತಂತೆ. ಡಾಂಗಲ್ ಅನ್ನು ಉಳಿದ ಸಾಮಾನಿನ ಕಿಂಡಿಗೆ ಹಾಕಬೇಕು. ಅದೂ ಯುಎಸ್‌ಬಿ 3.0ಕ್ಕೆ ಅಂಟಿಕೊಂಡಂತೆ ಬೇಡ. 3.0 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲ ಎಬ್ಬಿಸುತ್ತದೆ, ವೈರ್‌ಲೆಸ್ ಮೌಸ್ ಓಡುವುದೂ ಅದರಲ್ಲೇ. ಮೌಸ್ ತಡವರಿಸಿದರೆ ಬ್ಯಾಟರಿ ಬದಲಾಯಿಸುವ ಮುಂಚೆ ಡಾಂಗಲ್ ಜಾಗ ಬದಲಾಯಿಸಿ.

ಡಿಎಸ್‌ಸಿ ಟೋಕನ್, ಅಂದರೆ ಡಿಜಿಟಲ್ ಸಹಿ ಇಟ್ಟುಕೊಂಡ ಪೆನ್‌ಡ್ರೈವಿನಂಥ ಸಾಧನ, ಅದರ ಕಥೆ ಇದಕ್ಕಿಂತ ಗಂಭೀರ. ಕಂಪನಿ, ಎಲ್‌ಎಲ್‌ಪಿಗಳ ಜಿಎಸ್‌ಟಿ ರಿಟರ್ನ್‌ಗೆ ಡಿಜಿಟಲ್ ಸಹಿ ಕಡ್ಡಾಯ. ಆ ಟೋಕನ್ನನ್ನು ಸ್ವಿಚ್‌ನ ಹಂಚಿಕೆ ಕಿಂಡಿಗೆ ಚುಚ್ಚಿದಿರಿ ಅನ್ನಿ. ಸಹಿ ಆಗುತ್ತಿರುವಾಗ ಇನ್ನೊಂದು ಕಂಪ್ಯೂಟರಿಗೆ ಜಿಗಿದರೆ ಟೋಕನ್ ಈ ಕಂಪ್ಯೂಟರಿನಿಂದ ಕಿತ್ತ ಹಾಗೆಯೇ ಲೆಕ್ಕ. ಸಹಿ ಅರ್ಧಕ್ಕೇ ನಿಲ್ಲುತ್ತದೆ, ಪಿನ್ ಮತ್ತೆ ಕೊಡು ಅನ್ನುತ್ತದೆ. ತಿಂಗಳ ರಿಟರ್ನ್ ಸಲ್ಲಿಸಲು ಕೊನೇ ದಿನ 11ನೇ ತಾರೀಖು ಜಿಎಸ್‌ಟಿಆರ್-1ಕ್ಕೆ, 20ನೇ ತಾರೀಖು 3ಬಿಗೆ. ಆ ದಿನಗಳ ಸಂಜೆ ಪೋರ್ಟಲ್ ಹೇಗಿರುತ್ತದೆ ಅಂತ ಹೇಳಬೇಕಾ? ಟೋಕನ್, ಬೆರಳಚ್ಚು ಯಂತ್ರ, ಬ್ಯಾಕಪ್ ಡ್ರೈವ್ ಇವು ಮೂರೂ ನೇರ ಕಂಪ್ಯೂಟರಿಗೇ ಇರಲಿ. ಸ್ವಿಚ್ ಎಷ್ಟೇ ದುಬಾರಿಯದಾಗಿರಲಿ. ಪರದೆ, ಕೀಬೋರ್ಡನ್ನು ಒಂದು ಕಂಪ್ಯೂಟರಿಗೂ ಯುಎಸ್‌ಬಿ ಸಾಮಾನನ್ನು ಇನ್ನೊಂದಕ್ಕೂ ಬೇರೆ ಬೇರೆಯಾಗಿ ಕಟ್ಟಿಡುವ ಸ್ವಿಚ್‌ಗಳೂ ಸಿಗುತ್ತವೆ, ಅಷ್ಟಾದರೂ ಇರಲಿ.

ವಿದ್ಯುತ್ ವಿಷಯಕ್ಕೆ ಬಂದರೆ, ನಮ್ಮ ಶಕ್ತಿನಗರದ ಸ್ಥಾವರ 1985ರಿಂದ ಕರೆಂಟ್ ಉತ್ಪಾದಿಸಿ ರಾಜ್ಯಕ್ಕೆಲ್ಲ ಹಂಚುತ್ತಿದೆ. ಬೇಸಿಗೆ ಮಧ್ಯಾಹ್ನ ಕರೆಂಟ್ ಹೋದಾಗ ನಾವು ಇದನ್ನು ನೆನೆಸಿಕೊಂಡು ನಗುತ್ತೇವೆ. ಅದಿರಲಿ. ಕಂಪ್ಯೂಟರ್, ಮಾನಿಟರ್ ಎರಡನ್ನೂ ಯುಪಿಎಸ್‌ಗೆ ಹಾಕಿರುತ್ತಾರೆ, ಸ್ವಿಚ್‌ನ ಪುಟ್ಟ ಅಡಾಪ್ಟರ್ ಮಾತ್ರ ಗೋಡೆಯ ಪ್ಲಗ್‌ಗೆ. ಕರೆಂಟ್ ಹೋದರೆ ಕಂಪ್ಯೂಟರ್ ಬದುಕಿರುತ್ತದೆ, ಪರದೆ ಕಪ್ಪು, ಕೀಬೋರ್ಡ್ ಮೂಕ. ಫೈಲ್ ಸೇವ್ ಮಾಡಲೂ ದಾರಿ ಇಲ್ಲ. ನನ್ನ ಪರಿಚಯದ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಹೀಗೇ ಜೋಡಿಸಿ ಹೋಗಿದ್ದಾರೆ. ಅಡಾಪ್ಟರ್ ಇಲ್ಲದೆ ಕಂಪ್ಯೂಟರಿನ ಯುಎಸ್‌ಬಿಯಿಂದಲೇ ಕರೆಂಟ್ ಎಳೆಯುವ ಸ್ವಿಚ್‌ಗಳಿಗೆ ಈ ತೊಂದರೆ ಇಲ್ಲ, ಆದರೆ ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪ್ ಮಾತ್ರ. ಅದರಲ್ಲಿ ಸ್ವಿಚ್ಚೂ ಓಡಬೇಕು, ವೆಬ್‌ಕ್ಯಾಮ್, ಪೆನ್‌ಡ್ರೈವೂ ಓಡಬೇಕು ಅಂದರೆ ಏದುಸಿರು ಬಿಡುತ್ತದೆ.

ಕೇಬಲ್ ಬಗ್ಗೆ ಹೆಚ್ಚು ಎಳೆಯುವುದಿಲ್ಲ. ಸ್ವಿಚ್ ಬಂದ ಮೇಲೆ ಕಂಪ್ಯೂಟರಿನಿಂದ ಸ್ವಿಚ್‌ಗೊಂದು, ಅಲ್ಲಿಂದ ಮಾನಿಟರ್‌ಗೊಂದು, ಹೀಗೆ ದಾರಿ ಎರಡು ತುಂಡಾಗುತ್ತದೆ. ಎರಡೂ ಗಿಡ್ಡ ಇರಲಿ. ‘ಪ್ರೀಮಿಯಂ ಹೈ ಸ್ಪೀಡ್’ ಅಂತ ಪ್ರಮಾಣಪತ್ರ ಸಿಕ್ಕ ಕೇಬಲ್‌ನ ಡಬ್ಬದ ಮೇಲೆ ಮೊಬೈಲಲ್ಲಿ ಸ್ಕ್ಯಾನ್ ಮಾಡಿ ನೋಡುವ ಚೀಟಿ ಇರುತ್ತದೆ, 18 ಗಿಗಾಬಿಟ್‌ಗೆ ಅದು ಸಾಕು. ಡಬ್ಬದಲ್ಲಿ ಪುಕ್ಕಟೆ ಬರುವ ಕೇಬಲ್‌ನಿಂದ ಪರದೆ ಮಿಣಕ್ ಅಂದರೆ ಸ್ವಿಚ್ಚನ್ನು ಬೈಯುವ ಮುಂಚೆ ಕೇಬಲ್ ಬದಲಿಸಿ ನೋಡಿ. ಲ್ಯಾಪ್‌ಟಾಪಿನ ಟೈಪ್-ಸಿ ಕಿಂಡಿಯೆಲ್ಲ ಚಿತ್ರ ಕೊಡುವುದಿಲ್ಲ ಅನ್ನುವುದೂ ನೆನಪಿರಲಿ, ಅದರಲ್ಲಿ ಡಿಸ್‌ಪ್ಲೇಪೋರ್ಟ್ ಸೌಲಭ್ಯ ಇದ್ದರೆ ಮಾತ್ರ.

ಎಲ್ಲರಿಗೂ ಇಷ್ಟು ಖರ್ಚು ಬೇಕೇ ಬೇಕು ಅಂತ ನಾನು ಹೇಳುತ್ತಿಲ್ಲ. ಎರಡೂ ಕಂಪ್ಯೂಟರ್ ನಿಮ್ಮವೇ ಆಗಿ, ಎರಡಕ್ಕೂ ಬೇರೆ ಪರದೆ ಇದ್ದರೆ ಮೈಕ್ರೋಸಾಫ್ಟ್‌ನ ‘ಮೌಸ್ ವಿಥೌಟ್ ಬಾರ್ಡರ್ಸ್’ ಅನ್ನುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ನೆಟ್‌ವರ್ಕ್ ಮೂಲಕ ಒಂದೇ ಮೌಸ್ ಒಂದು ಪರದೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಆದರೆ ಕಂಪನಿಯ ಲ್ಯಾಪ್‌ಟಾಪಿನಲ್ಲಿ ಅಂಥದ್ದನ್ನು ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ, ನನ್ನ ಹಳೇ ಮಷಿನ್‌ಗೆ ನೆಟ್‌ವರ್ಕೇ ಇಲ್ಲ. ಕೆಲವು ಹೊಸ ಮಾನಿಟರ್‌ಗಳ ಒಳಗೇ ಎರಡು ಕಂಪ್ಯೂಟರಿನ ಕೆವಿಎಂ ಇರುತ್ತದೆ. ಮಾನಿಟರ್ ಬದಲಿಸುವವರು ಮೊದಲು ಅದನ್ನೇ ವಿಚಾರಿಸಲಿ.

ನಮ್ಮ ಊರಿನ ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಡಬ್ಬದ ಮೇಲೆ ಇದ್ದಷ್ಟೇ ಗೊತ್ತು. ಆದರೆ ಒಂದು ಕೆಲಸ ಅವರಿಂದಾಗುತ್ತದೆ: ಒಂದು ಸ್ವಿಚ್ ಡಬ್ಬದಿಂದ ತೆಗೆದು ಮೇಜಿನ ಮೇಲೆ ಜೋಡಿಸಿಡಲಿ, ಗಿರಾಕಿ ತನ್ನ ಲ್ಯಾಪ್‌ಟಾಪ್ ತಂದು ಚುಚ್ಚಿ, ಸೆಟ್ಟಿಂಗ್ಸ್‌ನಲ್ಲಿ 60 ಹರ್ಟ್ಸ್ ಬರುತ್ತದಾ ಅಂತ ನೋಡಿಕೊಂಡು ದುಡ್ಡು ಕೊಡಲಿ. ಈಗ ಇಲ್ಲಿ ಸಿಗದಿದ್ದರೆ ರೈಲು ಹತ್ತಿ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ಗೆ ಹೋಗುತ್ತೇವೆ, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸುತ್ತೇವೆ. ಆನ್‌ಲೈನ್‌ನಲ್ಲಿ ತರಿಸುವವರು ವಿವರ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅಲ್ಲಿ 60 ಅಂತ ಬರೆದು ಮನೆಗೆ 30 ಬಂದರೆ ವಾಪಸ್ ಕೇಳುವ ಹಕ್ಕು ನಿಮಗಿದೆ, ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಬೆಲೆ, ಆಮದು ಮಾಡಿದವರ ವಿಳಾಸ, ಯಾವ ದೇಶದಲ್ಲಿ ತಯಾರಾದದ್ದು ಅನ್ನುವುದನ್ನು ಪೊಟ್ಟಣದ ಮೇಲೆ ಹಾಕಲೇಬೇಕು ಅಂತ ಕಾನೂನಿದೆ. ಅದರ ಜೊತೆಗೆ ‘4ಕೆ, ಇಷ್ಟು ಹರ್ಟ್ಸ್’ ಅಂತ ಹಾಕಿಸುವುದು ಅಷ್ಟು ಕಷ್ಟವಾ?

ನಿಮ್ಮ ತಂತ್ರಜ್ಞಾನ ಪುಟದವರಿಗೆ ನನ್ನ ಕೋರಿಕೆ ಇಷ್ಟೇ. ಪೇಟೆಯಲ್ಲಿ ಸಿಗುವ ನಾಲ್ಕೈದು ಕೆವಿಎಂ ಸ್ವಿಚ್ ತರಿಸಿ, ಮೊಬೈಲ್ ಪರೀಕ್ಷೆ ಮಾಡುವ ಹಾಗೆಯೇ ಮೇಜಿನ ಮೇಲಿಟ್ಟು ಪರೀಕ್ಷಿಸಿ. ಕಂಪ್ಯೂಟರ್ ಬದಲಿಸುವಾಗ ಕಿಟಕಿಗಳು ಚದುರುತ್ತವಾ, ಕೆಂಪಕ್ಷರ ಕದಡುತ್ತದಾ, ಡಿಎಸ್‌ಸಿ ಟೋಕನ್ ಹಾಕಿದರೆ ಏನಾಗುತ್ತದೆ, ಇವನ್ನು ಬರೆಯಿರಿ. ಹಳೇ ವಿಜಿಎ ಸ್ವಿಚ್ ಇದ್ದವರಿಗೆ ಅದನ್ನು ಏನು ಮಾಡಬಹುದು ಅಂತಲೂ ಒಂದು ಸಾಲು ಇರಲಿ. ನನ್ನದು ಈಗ ಗಿರಣಿಯೊಂದರಲ್ಲಿ ಎರಡು ಸಿಸಿಟಿವಿ ಡಿವಿಆರ್‌ಗಳನ್ನು ಒಂದು ಹಳೇ ಮಾನಿಟರ್‌ಗೆ ಜೋಡಿಸಿಕೊಂಡು ಓಡುತ್ತಿದೆ.

ಇತಿ ನಿಮ್ಮ ಓದುಗ,
ರಾಯಚೂರು