ಬೆಣ್ಣೆದೋಸೆ ಪಾರ್ಸೆಲ್: ಆವಿ ಹೋಗಲು ಬಿಡಿ

ಮಾನ್ಯರೆ,

2020ರ ಮಾರ್ಚ್ 25ರಂದು ಕೊರೊನಾ ಲಾಕ್‌ಡೌನ್ ಶುರುವಾದ ಮೇಲೆ ದಾವಣಗೆರೆಯ ಹೋಟೆಲ್‌ಗಳಲ್ಲಿ ಕೂತು ತಿನ್ನುವಂತಿರಲಿಲ್ಲ, ಪಾರ್ಸೆಲ್ ಅಷ್ಟೇ ಇತ್ತು. ಹೆಂಚಿನಿಂದ ತೆಗೆದ ಬೆಣ್ಣೆದೋಸೆಯನ್ನು ಕೂಡಲೇ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದರೆ ಆವಿ ಒಳಗೇ ನೀರಾಗಿ, ಮನೆ ಮುಟ್ಟುವಷ್ಟರಲ್ಲಿ ದೋಸೆ ಒದ್ದೆ ಬಟ್ಟೆಯಂತಾಗುತ್ತದೆ. ಜಾಲರಿಯ ಮೇಲೆ ಎರಡು ನಿಮಿಷ ಆರಲು ಬಿಟ್ಟು, ಬಾಳೆಎಲೆಯಲ್ಲಿಟ್ಟು, ಮೇಲೆ ಕಾಗದವನ್ನು ಸಡಿಲವಾಗಿ ಸುತ್ತಿ. ಚಟ್ನಿ, ಪಲ್ಯ ಬೇರೆ ಕಟ್ಟಬೇಕು. ಮೇಲೆ ಹಾಕುವ ಬೆಣ್ಣೆಯೂ ಬೇರೆಯೇ ಇರಲಿ. ಮನೆಯಲ್ಲಿ ಕಾವಲಿ ಕಾಯಿಸಿ ಸಣ್ಣ ಉರಿಯಲ್ಲಿ ಒಂದು ನಿಮಿಷ ಇಟ್ಟರೆ ಗರಿ ಮರಳುತ್ತದೆ.

ಅಕ್ಕಿ, ಉದ್ದು, ಮಂಡಕ್ಕಿ ಹಾಕಿ ರುಬ್ಬಿದ ಹಿಟ್ಟು ಬೇಸಿಗೆಯ ಬಿಸಿಲಿಗೆ ಬೇಗ ಹುಳಿಯುತ್ತದೆ. ಗಿರಾಕಿ ಕಡಿಮೆಯಿರುವಾಗ ಸ್ವಲ್ಪವೇ ರುಬ್ಬಿ, ದಯವಿಟ್ಟು ಚೆಲ್ಲಬೇಡಿ. ಲಾಕ್‌ಡೌನ್‌ನಂಥ ದಿನ ಮತ್ತೆ ಬಂದರೆ, ಗಿರಾಕಿಗಳು ದೂರ ದೂರ ಸಾಲು ನಿಲ್ಲಲು ಬಾಗಿಲ ಮುಂದೆ ಮೀಟರಿಗೊಂದು ಸುಣ್ಣದ ಗೆರೆ ಎಳೆಯಿರಿ. ಸಪ್ಲೈಯರ್ ಹುಡುಗರನ್ನು ಕೆಲಸದಿಂದ ಬಿಡಿಸದೆ, ಆ ಸಾಲಿನಲ್ಲೇ ಆರ್ಡರ್ ಬರೆದುಕೊಳ್ಳಲು ನಿಲ್ಲಿಸಿ.

— ಓದುಗ, ದಾವಣಗೆರೆ