ಡಿಸೆಂಬರ್‌ನಲ್ಲಿ ಊರಿಗೆ ಹೊರಡುವ ಮುನ್ನ ನೀರಿನ ವಾಲ್ವು ಮುಚ್ಚಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಅಮೆರಿಕದ ಟೆಕ್ಸಾಸ್‌ನಲ್ಲಿರುವ ನಮ್ಮಂಥ ಅನೇಕ ಕನ್ನಡ ಕುಟುಂಬಗಳು ಮಕ್ಕಳ ರಜೆಗೆಂದು ಮನೆಗೆ ಬೀಗ ಹಾಕಿ ಊರಿಗೆ ಹೊರಡುತ್ತವೆ; ಇನ್ನು ಕೆಲವರ ತಂದೆ ತಾಯಿ ಅದೇ ಹೊತ್ತಿಗೆ ಅಲ್ಲಿಗೆ ಬಂದಿರುತ್ತಾರೆ. ಇಬ್ಬರೂ ನಿಮ್ಮ ಪತ್ರಿಕೆ ಓದುವವರಾದ್ದರಿಂದ, ಅಲ್ಲಿಯ ಮನೆಗಳ ನೀರಿನ ಪೈಪುಗಳ ಬಗ್ಗೆ ಕೆಲವು ಮಾತು ತಿಳಿಸಲು ಈ ಪತ್ರ.

ಟೆಕ್ಸಾಸ್ ಸೆಕೆಯ ಸೀಮೆ. ಬೇಸಿಗೆಯನ್ನೇ ಲೆಕ್ಕಕ್ಕಿಟ್ಟುಕೊಂಡು ಕಟ್ಟಿದ ಎಷ್ಟೋ ಮನೆಗಳಲ್ಲಿ ನೀರಿನ ಪೈಪುಗಳು ಮನೆ ಬೆಚ್ಚಗಿಡುವ ಹೀಟರಿನ ಶಾಖ ತಲುಪದ ಅಟ್ಟದಲ್ಲೋ ಹೊರಗೋಡೆಯ ಒಳಗೋ ಹಾದುಹೋಗಿರುತ್ತವೆ. 2021ರ ಫೆಬ್ರವರಿ 16ರಂದು ಡಲ್ಲಾಸ್‌ನಲ್ಲಿ ಉಷ್ಣಾಂಶ ಮೈನಸ್ 19 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ರಾಜ್ಯದಲ್ಲಿ 40 ಲಕ್ಷಕ್ಕೂ ಹೆಚ್ಚು ಮನೆ, ಮಳಿಗೆಗಳಿಗೆ ಕರೆಂಟಿಲ್ಲದ ಆ ವಾರದಲ್ಲಿ ಪೈಪು ಒಡೆದು ಅಟ್ಟದಿಂದ ನೀರು ಸುರಿದ ಮನೆಗಳು ಒಂದೆರಡಲ್ಲ.

ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ ಎಂಬುದನ್ನು ಶಾಲೆಯಲ್ಲೇ ಓದಿದ್ದೇವೆ. ಆದರೆ ಪೈಪು ಸಾಮಾನ್ಯವಾಗಿ ಒಡೆಯುವುದು ಮಂಜುಗಡ್ಡೆ ಕಟ್ಟಿದ ಜಾಗದಲ್ಲಲ್ಲ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿಗೆ ಹೋಗಲು ದಾರಿಯಿಲ್ಲದೆ ಒತ್ತಡ ಏರುತ್ತಾ ಹೋಗಿ, ಆ ನಡುವೆ ಎಲ್ಲೋ ಪೈಪು ಬಿರಿಯುತ್ತದೆ. ಕಡು ಚಳಿಯ ರಾತ್ರಿ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ ಎನ್ನುವುದು ಇದಕ್ಕೇ.

ನಮ್ಮ ತಾಯಿಗೆ ಇದನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಎರಡು ದಿನಕ್ಕೊಮ್ಮೆ ನಲ್ಲಿ ನೀರು ಬರುವ ಊರಿನಲ್ಲಿ ಬಿಂದಿಗೆ ತುಂಬಿಟ್ಟು ಸಂಸಾರ ಮಾಡಿದ ಜೀವ ಅದು. ನಾನು ಬಿಟ್ಟಿದ್ದ ಅಡುಗೆಮನೆಯ ನಲ್ಲಿಯನ್ನು ನಡುರಾತ್ರಿ ಎದ್ದು ಬಿಗಿಯಾಗಿ ತಿರುಗಿಸಿ ಮಲಗಿದ್ದರು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರಲಿಲ್ಲ. ಮಧ್ಯಾಹ್ನ ಬಿಸಿಲೇರಿ ಗಡ್ಡೆ ಕರಗಿದ ಮೇಲೆ ಸಿಂಕಿನ ಹಿಂದಿನ ಗೋಡೆಯ ಬಣ್ಣ ಉಬ್ಬಿ, ಅದರ ಕೆಳಗಿನಿಂದ ನೀರು ಜಿನುಗತೊಡಗಿತು. ತಪ್ಪು ಅವರದಲ್ಲ, ಕಾರಣ ವಿವರಿಸದೆ ಸುಮ್ಮನೆ ‘ಮುಚ್ಚಬೇಡಮ್ಮ’ ಎಂದ ನನ್ನದು.

ಮನೆಯಲ್ಲಿ ಜನ ಇದ್ದರೆ ನಲ್ಲಿ ತೊಟ್ಟಿಕ್ಕಲು ಬಿಟ್ಟು, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಟ್ಟು, ಹೊರಗಿನ ನಲ್ಲಿಯಿಂದ ಹೋಸ್ ಪೈಪು ಬಿಚ್ಚಿ ಆ ನಲ್ಲಿಗೆ ಹೊದಿಕೆ ಹಾಕಿದರೆ ಬಹುಪಾಲು ಅಪಾಯ ತಪ್ಪುತ್ತದೆ. ಹೆಪ್ಪುಗಟ್ಟಿದ ಪೈಪಿಗೆ ಬೆಂಕಿ ಹಿಡಿಯಲೇಬಾರದು. ನಲ್ಲಿ ತೆರೆದಿಟ್ಟು, ನಲ್ಲಿಯ ಕಡೆಯಿಂದ ಶುರುಮಾಡಿ ಹೇರ್ ಡ್ರೈಯರಿನಿಂದ ನಿಧಾನವಾಗಿ ಕಾಯಿಸಬೇಕು.

ಬೀಗ ಹಾಕಿದ ಮನೆಯ ಮಾತು ಬೇರೆ. ಅಲ್ಲಿ ಒಡೆದ ಪೈಪನ್ನು ನೋಡುವವರೇ ಇರುವುದಿಲ್ಲ, ನೀರು ವಾರಗಟ್ಟಲೆ ಹರಿಯುತ್ತದೆ. ಆದ್ದರಿಂದ ಹೊರಡುವ ದಿನ ಮುಖ್ಯ ವಾಲ್ವು ಮುಚ್ಚಿ, ಎಲ್ಲ ನಲ್ಲಿಗಳನ್ನೂ ತೆರೆದು ಪೈಪಿನಲ್ಲಿ ಉಳಿದ ನೀರನ್ನು ಹೋಗಗೊಡಬೇಕು. ಬಿಲ್ಲು ಉಳಿಸಲೆಂದು ಹೀಟರನ್ನು ಪೂರ್ತಿ ಆರಿಸದೆ ಕನಿಷ್ಠ 13 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ಅಲ್ಲಿಯ ಲೆಕ್ಕದಲ್ಲಿ 55 ಡಿಗ್ರಿ ಫ್ಯಾರನ್‌ಹೀಟ್‌ಗೆ, ಇಟ್ಟಿರಬೇಕು. ಇಲ್ಲವಾದರೆ ವಿಮೆಯವರೂ ತಕರಾರು ತೆಗೆಯಬಹುದು.

ನಮ್ಮ ಮನೆಯ ಮುಖ್ಯ ವಾಲ್ವು ಎಲ್ಲಿದೆಯೆಂದು ನಾನು ಹುಡುಕಿದ್ದು ಗೋಡೆಯಿಂದ ನೀರು ಬರುತ್ತಿದ್ದ ಆ ಮಧ್ಯಾಹ್ನವೇ. ಮಗನೋ ಮಗಳೋ ಆ ಕಡೆ ಇರುವ ಓದುಗರು ಮುಂದಿನ ಸಲ ಫೋನು ಮಾಡಿದಾಗ ಅವರಿಗೆ ಅದು ಗೊತ್ತಿದೆಯೇ ಎಂದು ಕೇಳಿ ನೋಡಬೇಕಾಗಿ ವಿನಂತಿ.

ಇತಿ,
ಓರ್ವ ಓದುಗ, ಡಲ್ಲಾಸ್