ಸೇನೆ ಗಡಿ ದಾಟಿದರೆ ಸದನ ಮತ ಹಾಕಲಿ: ಬೀದರ್ ಸಂಸದರಿಗೆ ಬಹಿರಂಗ ಪತ್ರ

ಬೀದರ್ ಲೋಕಸಭಾ ಕ್ಷೇತ್ರದ ಮಾನ್ಯ ಸದಸ್ಯರಿಗೆ,

ನಮಸ್ಕಾರಗಳು.

1948ರ ಸೆಪ್ಟೆಂಬರನ್ನು ನಮ್ಮ ಕಡೆಯ ಹಿರಿಯರು ಇವತ್ತಿಗೂ ‘ಪೊಲೀಸ್ ಆಕ್ಷನ್’ ಎನ್ನುತ್ತಾರೆ. ಆದರೆ ಅಂದು ಬಂದದ್ದು ಟ್ಯಾಂಕು, ವಿಮಾನಗಳ ಸಮೇತ ಭಾರತದ ಸೇನೆ. 13ರಂದು ಹೊರಟು ಐದೇ ದಿನಗಳಲ್ಲಿ ಹೈದರಾಬಾದ್ ನಿಜಾಮನ ಆಳ್ವಿಕೆ ಮುಗಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ಗೋರಟಾದಲ್ಲಿ ನಿಜಾಮನ ಪರವಾಗಿದ್ದ ರಜಾಕಾರರ ಪಡೆ ನಡೆಸಿದ ಕಗ್ಗೊಲೆ ಕಂಡಿದ್ದ ಜಿಲ್ಲೆಗೆ ಅದು ಬಿಡುಗಡೆಯೇ ಸರಿ. ಆದರೆ ಅದರ ಬೆನ್ನಿಗೇ ನಡೆದ ಹತ್ಯೆಗಳನ್ನು ನೋಡಿಬರಲು ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ತಂಡ, ಸತ್ತವರು 27,000ದಿಂದ 40,000 ಇರಬಹುದೆಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗ ಎರಡೂ ಇದ್ದವು. ಆ ವರದಿ ದಶಕಗಳ ಕಾಲ ಕಪಾಟಿನಲ್ಲೇ ಉಳಿಯಿತು. ಯುದ್ಧಕ್ಕೆ ಬೇರೆ ಹೆಸರಿಟ್ಟರೆ ಉತ್ತರ ಹೇಳಬೇಕಾದವರು ಎಷ್ಟು ಸುಲಭವಾಗಿ ಪಾರಾಗುತ್ತಾರೆ ಎಂಬುದನ್ನು ನಮ್ಮ ಭಾಗದವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ಈ ಪತ್ರ ತಮಗೆ.

ಸಂವಿಧಾನದ 53(2)ನೇ ವಿಧಿಯ ಪ್ರಕಾರ ಸೇನೆಯ ಪರಮಾಧಿಕಾರ ರಾಷ್ಟ್ರಪತಿಯದು. ಅದರ ಚಲಾವಣೆಯನ್ನು ಕಾನೂನು ನಿಯಂತ್ರಿಸಬೇಕು. ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 15ನೇ ನಮೂದು ‘ಯುದ್ಧ ಮತ್ತು ಶಾಂತಿ’. ಅಂದರೆ ಕಾನೂನು ಮಾಡುವ ಅಧಿಕಾರ ಸಂಸತ್ತಿಗಿದೆ, ಮಾಡಿಲ್ಲ. 1950ರ ಸೇನಾ ಕಾಯಿದೆ ಸೈನಿಕನ ಶಿಸ್ತಿನ ಬಗ್ಗೆ ಹೇಳುತ್ತದೆಯೇ ಹೊರತು, ಅವನನ್ನು ಪರದೇಶಕ್ಕೆ ಕಳಿಸುವ ಮಂತ್ರಿ ಯಾರಿಗೆ ಲೆಕ್ಕ ಕೊಡಬೇಕು ಎಂದು ಹೇಳುವುದಿಲ್ಲ. ತೀರ್ಮಾನ ಆಗುವುದು ಪ್ರಧಾನಿ, ಗೃಹ, ರಕ್ಷಣೆ, ವಿದೇಶಾಂಗ, ಹಣಕಾಸು ಸಚಿವರಿರುವ ಭದ್ರತಾ ಸಂಪುಟ ಸಮಿತಿಯಲ್ಲಿ. 352ನೇ ವಿಧಿಯ ತುರ್ತುಪರಿಸ್ಥಿತಿಗಾದರೆ ಒಂದು ತಿಂಗಳೊಳಗೆ ಎರಡೂ ಸದನಗಳ ವಿಶೇಷ ಬಹುಮತ ಬೇಕು. ಸೇನೆಯನ್ನು ಗಡಿಯಾಚೆ ಕಳಿಸಲು ಒಂದು ಮತವೂ ಬೇಕಿಲ್ಲ.

1987ರ ಜುಲೈ 29ರಂದು ಕೊಲಂಬೊದಲ್ಲಿ ಭಾರತ–ಶ್ರೀಲಂಕಾ ಒಪ್ಪಂದಕ್ಕೆ ಸಹಿ ಬಿತ್ತು, ನಮ್ಮ ‘ಶಾಂತಿಪಾಲನಾ ಪಡೆ’ ಅಲ್ಲಿಗೆ ಹೊರಟಿತು. ಅಕ್ಟೋಬರ್ ಹೊತ್ತಿಗೆ ಅದೇ ಪಡೆ ಜಾಫ್ನಾದಲ್ಲಿ ತಮಿಳು ಬಂಡುಕೋರರ ಸಂಘಟನೆ ಎಲ್‌ಟಿಟಿಇ ವಿರುದ್ಧ ಕಾದಾಡುತ್ತಿತ್ತು. ಶಾಂತಿ ಕಾಯುವ ಕೆಲಸ ಯಾವ ದಿನ ಯುದ್ಧವಾಯಿತೋ, ಅಂದೂ ಸದನವನ್ನು ಕೇಳಬೇಕೆಂಬ ನಿಯಮವಿರಲಿಲ್ಲ. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಮರಳುವಷ್ಟರಲ್ಲಿ 1,100ಕ್ಕೂ ಹೆಚ್ಚು ಯೋಧರು ಪ್ರಾಣ ಕಳೆದುಕೊಂಡಿದ್ದರು.

ತಾವು ಒಂದು ಖಾಸಗಿ ಸದಸ್ಯರ ಮಸೂದೆ (ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆ) ಮಂಡಿಸಬೇಕು. ಅದರ ಜೀವ ಇರುವುದು ವ್ಯಾಖ್ಯೆಯಲ್ಲಿ. ‘ಯುದ್ಧ’ ಎಂದು ಬರೆದರೆ ನಾಳೆ ಇನ್ನೊಂದು ಹೆಸರು ಹುಟ್ಟುತ್ತದೆ. ಅಮೆರಿಕದ 1973ರ ಯುದ್ಧಾಧಿಕಾರ ನಿರ್ಣಯ ಸೋತದ್ದು ಹೀಗೇ: ಸಂಸತ್ತಿನ ಒಪ್ಪಿಗೆಯಿಲ್ಲದೆ 60 ದಿನ ಮೀರಬಾರದು ಎಂದಿದ್ದರೂ, 2011ರಲ್ಲಿ ಲಿಬಿಯಾ ಮೇಲಿನ ದಾಳಿ ಆ ಗಡುವು ದಾಟಿದಾಗ ‘ಇದು ಕಾನೂನು ಹೇಳುವ ಕಾಳಗವೇ ಅಲ್ಲ’ ಎಂದು ಅಲ್ಲಿನ ಸರ್ಕಾರ ವಾದಿಸಿತು. ಆದ್ದರಿಂದ ಹೆಸರು ಬಿಟ್ಟು ಕ್ರಿಯೆಯನ್ನು ಹಿಡಿಯಿರಿ: ಆಯುಧ ಸಹಿತ ಪಡೆ ಪರದೇಶದ ನೆಲ, ಜಲ, ಆಕಾಶಕ್ಕೆ ಹೋದರೆ ಕಾಯಿದೆ ಅನ್ವಯ, ಪಡೆಗೆ ಕೊಟ್ಟ ಕೆಲಸ ಬದಲಾದರೆ ಮತ್ತೆ ಅನ್ವಯ. 2015ರಲ್ಲಿ ಯೆಮೆನ್‌ನಿಂದ ನಮ್ಮವರನ್ನು ಕರೆತಂದಂಥ ತೆರವು ಕಾರ್ಯ, ವಿಪತ್ತು ಪರಿಹಾರಗಳಿಗೆ ವಿನಾಯಿತಿ ಇರಲಿ. ಅದಿಲ್ಲದಿದ್ದರೆ ಮೊದಲ ಆಕ್ಷೇಪಕ್ಕೇ ಮಸೂದೆ ಬೀಳುತ್ತದೆ.

ದಾಳಿಯಾದಾಗ ಸರ್ಕಾರ ತಕ್ಷಣ ತಿರುಗೇಟು ಕೊಡಬೇಕಾಗುತ್ತದೆ, ಅದನ್ನು ತಡೆಯಬಾರದು. 48 ಗಂಟೆಯೊಳಗೆ ಲಿಖಿತ ಹೇಳಿಕೆ ಬರಲಿ: ತೀರ್ಮಾನಿಸಿದವರು ಯಾರು, ಗುರಿ ಏನು, ಎಷ್ಟು ದಿನ. 30 ದಿನದೊಳಗೆ ಮತ. ಲೋಕಸಭೆ ವಿಸರ್ಜನೆಯಾಗಿದ್ದರೆ, 352ರಲ್ಲಿರುವಂತೆ ರಾಜ್ಯಸಭೆ ತೀರ್ಮಾನಿಸಲಿ. 1999ರ ಕಾರ್ಗಿಲ್ ಯುದ್ಧದ ವೇಳೆ ಲೋಕಸಭೆ ಇರಲಿಲ್ಲ ಎಂಬುದನ್ನು ಮರೆಯಬಾರದು. ಗುಟ್ಟಿನ ಮಾತಿಗೆ ಲೋಕಸಭೆಯ 248ನೇ ನಿಯಮದಡಿ ರಹಸ್ಯ ಅಧಿವೇಶನ ಇದ್ದೇ ಇದೆ. ಅದನ್ನು ಕೋರುವ ಅಧಿಕಾರ ಸದನದ ನಾಯಕರಿಗೆ ಮಾತ್ರ ಇರುವುದೇ ತೊಡಕು.

ಧ್ವನಿಮತ ಬೇಡವೇ ಬೇಡ. ಅದರಲ್ಲಿ ಯಾರ ಹೆಸರೂ ದಾಖಲಾಗುವುದಿಲ್ಲ. ಮತ ಹಾಕಿದ ಮಾತ್ರಕ್ಕೆ ತಪ್ಪು ಯುದ್ಧ ನಿಲ್ಲುವುದಿಲ್ಲ, ನಿಜ: 2003ರ ಮಾರ್ಚ್ 18ರಂದು ಬ್ರಿಟನ್ನಿನ ಕೆಳಮನೆ ಇರಾಕ್ ದಾಳಿಯನ್ನು 412–149ರಿಂದ ಒಪ್ಪಿತು. ಆದರೆ 2016ರಲ್ಲಿ ಆ ಯುದ್ಧದ ಬಗೆಗಿನ ಚಿಲ್ಕಾಟ್ ತನಿಖಾ ವರದಿ ಬಂದಾಗ, ಯಾವ ಸದಸ್ಯ ಯಾವ ಕಡೆ ಇದ್ದ ಎಂದು ಅಲ್ಲಿನ ಮತದಾರ ಹೆಸರು ಹಿಡಿದು ಕೇಳಬಹುದಿತ್ತು. ನಮ್ಮಲ್ಲಿ ಇನ್ನೊಂದು ಅಡ್ಡಿಯಿದೆ. ಸಂವಿಧಾನದ ಹತ್ತನೇ ಅನುಸೂಚಿಯ ಪ್ರಕಾರ ವಿಪ್ (ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಈ ಒಂದು ವಿಷಯಕ್ಕೆ ವಿಪ್ ಹೊರಡಿಸಬಾರದೆಂದು ತಮ್ಮ ಪಕ್ಷವನ್ನು ಮೊದಲು ತಾವೇ ಒಪ್ಪಿಸಬೇಕು.

ತನಿಖೆಯ ವಿಷಯ. ಕಾರ್ಗಿಲ್ ಪರಿಶೀಲನಾ ಸಮಿತಿಯ ವರದಿಯನ್ನು, ಕೆಲ ಭಾಗ ಮರೆಮಾಡಿಯಾದರೂ, 2000ದ ಫೆಬ್ರುವರಿಯಲ್ಲಿ ಸಂಸತ್ತಿನಲ್ಲಿ ಮಂಡಿಸಲಾಯಿತು. 1962ರ ಸೋಲಿನ ಬಗೆಗಿನ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು ಯಾವ ಸರ್ಕಾರವೂ ಬಿಡುಗಡೆ ಮಾಡಿಲ್ಲ. ಇಂಥ ವರದಿಗಳ ಮಂಡನೆಗೆ ಮಸೂದೆಯಲ್ಲಿ ಗಡುವು ಹಾಕಿ, ಆದರೆ ಸಂಬಳ ಕೊಡಬೇಕಾದ ಹೊಸ ತನಿಖಾ ಆಯೋಗ ಸೇರಿಸಬೇಡಿ. ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಬೊಕ್ಕಸದಿಂದ, ಖರ್ಚು ಬಂದರೆ ಸಂವಿಧಾನದ 117(3)ನೇ ವಿಧಿಯಡಿ ರಾಷ್ಟ್ರಪತಿಗಳ ಶಿಫಾರಸು ಬೇಕಾಗುತ್ತದೆ, ಅಂದರೆ ಕೀಲಿಕೈ ಮತ್ತೆ ಸರ್ಕಾರದ ಕೈಗೇ.

1970ರ ನಂತರ ಯಾವ ಖಾಸಗಿ ಮಸೂದೆಯೂ ಕಾಯಿದೆಯಾಗಿಲ್ಲ ಎಂಬುದು ನಮಗೆ ಗೊತ್ತು. ಆದರೂ ಸದನದ ಮಾತಿಗೆ ತೂಕವಿದೆ. 2003ರ ಏಪ್ರಿಲ್ 8ರಂದು ಲೋಕಸಭೆ ಇರಾಕ್ ಯುದ್ಧವನ್ನು ಒಮ್ಮತದಿಂದ ಖಂಡಿಸಿತ್ತು. ಅಮೆರಿಕ ಕೇಳಿದ ಸೈನ್ಯವನ್ನು ಕಳಿಸುವುದಿಲ್ಲವೆಂದು ಸಂಪುಟ ಸಮಿತಿ ಜುಲೈ 14ರಂದು ತೀರ್ಮಾನಿಸಿತು. ಮಸೂದೆ ಹಿಂದೆ ಬಿದ್ದರೆ 184ನೇ ನಿಯಮದಡಿ ನಿರ್ಣಯ ತನ್ನಿ. ಸರ್ಕಾರ 193ನೇ ನಿಯಮದ ಚರ್ಚೆ ಕೊಡುತ್ತೇನೆಂದರೆ ಒಪ್ಪಬೇಡಿ, ಅದರಲ್ಲಿ ಮತವಿಲ್ಲ.

ಬೀದರ್ ವಾಯುನೆಲೆಯಲ್ಲಿ ಹಾಕ್ ವಿಮಾನಗಳಲ್ಲಿ ಪಳಗುವ ಯುವಕ ಯುವತಿಯರು ಆಜ್ಞೆ ಬಂದ ದಿನ ಹೊರಡುತ್ತಾರೆ, ಪ್ರಶ್ನೆ ಕೇಳುವ ಹಕ್ಕು ಅವರಿಗಿಲ್ಲ. ಆ ಹಕ್ಕು ಇರುವುದು ತಮಗೆ. ಮಸೂದೆಗೆ ಒಂದು ತಿಂಗಳ ಮುಂಚಿನ ನೋಟಿಸ್ ಬೇಕು. ತಾವು ನೋಟಿಸ್ ಕೊಟ್ಟ ದಿನಾಂಕವನ್ನು ಕ್ಷೇತ್ರದ ಜನರಿಗೆ ಬಹಿರಂಗವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇತಿ,
ಬೀದರ್ ಲೋಕಸಭಾ ಕ್ಷೇತ್ರದ ಮತದಾರರು